ತಿಳಿಯದೆ ಮಾಡಿದ್ದಕ್ಕೂ ಲೆಕ್ಕ ಒಪ್ಪಿಸಬೇಕೆ?

ಕ್ರೈಸ್ತ ಸಭೆಯ ಪಾಲಕನ ಕೆಲಸದಲ್ಲಿ ನನ್ನ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ: ದೇವರ ಆಜ್ಞೆಯನ್ನು ಎಂದೂ ಕೇಳದವನು ಅದನ್ನು ಮೀರಿದರೆ ಅವನನ್ನು ಹೊಣೆಯಾಗಿಸುವುದು ನ್ಯಾಯವೇ? ಹೆಚ್ಚಿನವರು ದೂರದ ಯಾರದೋ ಪರವಾಗಿ ವಾದಿಸುವಂತೆ ಮಾತು ಆರಂಭಿಸಿ, ಸ್ವಲ್ಪ ಹೊತ್ತಿನಲ್ಲೇ ತಮ್ಮ ವಿಷಯಕ್ಕೆ ಬರುತ್ತಾರೆ.

ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ 2ನೆಯ ಅಧ್ಯಾಯದಲ್ಲಿ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಳ್ಳುತ್ತಾನೆ. ಸೀನಾಯಿ ಬೆಟ್ಟದಲ್ಲಿ ಕೊಡಲ್ಪಟ್ಟ ಧರ್ಮಶಾಸ್ತ್ರ ಇಲ್ಲದ ಅನ್ಯಜನರೂ, ಅಂದರೆ ಯೆಹೂದ್ಯರಲ್ಲದವರೂ, ಅದು ಹೇಳುವುದನ್ನು ಕೆಲವೊಮ್ಮೆ ಸ್ವಾಭಾವಿಕವಾಗಿ ಮಾಡುತ್ತಾರೆ. ಅದರ ಸಾರ ಅವರ ಹೃದಯದಲ್ಲಿ ಬರೆದಿದೆ, ಅವರ ಮನಸ್ಸಾಕ್ಷಿಯೇ ಅವರನ್ನು ದೂಷಿಸುತ್ತದೆ ಅಥವಾ ಸಮರ್ಥಿಸುತ್ತದೆ ಎಂಬುದು ಅವನ ವಾದ. ಹಾಗಾದರೆ ಪೂರ್ತಿ ತಿಳಿಯದವನು ಎಂಬ ಮನುಷ್ಯ ಸಿಗುವುದು ಕಷ್ಟ. ಆದರೆ ಎಲ್ಲರ ತಿಳಿವೂ ಒಂದೇ ಅಳತೆಯದ್ದಲ್ಲ, ಆದ್ದರಿಂದ ಹೊಣೆಯೂ ಒಂದೇ ಅಳತೆಯದ್ದಾಗಲಾರದು.

ಈ ಎರಡನೆಯ ಮಾತು ಪ್ರಸಂಗಗಳಲ್ಲಿ ಕೇಳಿಬರುವುದು ಕಡಿಮೆ. ಒಂದು ಆಜ್ಞೆಯಲ್ಲಿ ತಪ್ಪಿದವನು ಎಲ್ಲದರಲ್ಲಿಯೂ ಅಪರಾಧಿ ಎಂಬ, ಬೈಬಲಿನ ಯಾಕೋಬನ ಪತ್ರದ ಮಾತನ್ನು ಹಿಡಿದು, ದೇವರ ಕಣ್ಣಿಗೆ ಎಲ್ಲ ಪಾಪಗಳೂ ಸಮಾನವೆಂದು ನಾವು ಬಹಳ ಬೇಗ ಹೇಳಿಬಿಡುತ್ತೇವೆ. ಬೈಬಲಿನ ಹಳೆಯ ಒಡಂಬಡಿಕೆಯ ಅರಣ್ಯಕಾಂಡದ 15ನೆಯ ಅಧ್ಯಾಯ ಅಷ್ಟು ಅವಸರಪಡುವುದಿಲ್ಲ: ಅರಿಯದೆ ತಪ್ಪಿದವನಿಗೆ ಅಲ್ಲಿ ಪ್ರಾಯಶ್ಚಿತ್ತದ ದಾರಿಯಿದೆ, ಬೇಕೆಂದೇ ಕೈಯೆತ್ತಿ ಆಜ್ಞೆಯನ್ನು ಧಿಕ್ಕರಿಸಿದವನ ವಿಷಯವೇ ಬೇರೆ. ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯದಲ್ಲಿಯೂ ಯಜಮಾನನ ಇಷ್ಟವನ್ನು ತಿಳಿದು ತಪ್ಪಿದ ಆಳಿಗೆ ಬಹಳ ಪೆಟ್ಟು, ತಿಳಿಯದೆ ತಪ್ಪಿದವನಿಗೆ ಕೆಲವೇ ಪೆಟ್ಟು. ಆದರೆ ಆ ಎರಡನೆಯ ಆಳಿಗೂ ಪೆಟ್ಟು ತಪ್ಪಲಿಲ್ಲ ಎಂಬುದನ್ನು ಗಮನಿಸಬೇಕು.

ಏಕೆ ತಪ್ಪಲಿಲ್ಲ? 13ನೆಯ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸರ ವಿವೇಚನೆ ಇಲ್ಲಿ ನೆರವಾಗುತ್ತದೆ. ಮನಸ್ಸಾಕ್ಷಿ ತಪ್ಪಾಗಿದ್ದರೂ ಅದಕ್ಕೆ ವಿರುದ್ಧವಾಗಿ ನಡೆಯುವುದು ಪಾಪವೇ ಎನ್ನುವ ಅವರು, ಅಜ್ಞಾನವನ್ನು ಮನುಷ್ಯ ತಾನೇ ಬಯಸಿ ಉಳಿಸಿಕೊಂಡಿದ್ದರೆ ಅಥವಾ ತಿಳಿಯಬೇಕಾದುದನ್ನು ಅಲಕ್ಷ್ಯದಿಂದ ತಿಳಿಯದೆ ಹೋಗಿದ್ದರೆ ಅದು ಅವನನ್ನು ಕಾಪಾಡದು ಎಂದೂ ಸೇರಿಸುತ್ತಾರೆ. ಕಥೋಲಿಕ ಬೋಧನೆ ಮಾರಕ ಪಾಪಕ್ಕೆ, ಅಂದರೆ ದೇವರೊಂದಿಗಿನ ಸಂಬಂಧವನ್ನೇ ಕಡಿಯುವ ಪಾಪಕ್ಕೆ, ಗಂಭೀರ ವಿಷಯ, ಪೂರ್ಣ ತಿಳಿವು, ಮನಃಪೂರ್ವಕ ಸಮ್ಮತಿ ಎಂಬ ಮೂರನ್ನೂ ಕೇಳುತ್ತದೆ. ಬೇಕೆಂದೇ ನಟಿಸಿದ ಅಜ್ಞಾನ ಹೊಣೆಯನ್ನು ಹೆಚ್ಚಿಸುತ್ತದೆಯೇ ಹೊರತು ಇಳಿಸುವುದಿಲ್ಲ ಎಂದೂ ಅದು ಹೇಳುತ್ತದೆ. ನಾನು ಪ್ರೊಟೆಸ್ಟಂಟ್ ಪರಂಪರೆಯವನು. ಆದರೂ ಆಪ್ತಸಮಾಲೋಚನೆಯ ಕೋಣೆಯಲ್ಲಿ ಈ ಸೂಕ್ಷ್ಮತೆಗೆ ನಾನು ಋಣಿ.

ಒಮ್ಮೆ ಒಬ್ಬರು ಬಂದಿದ್ದರು. ಜೊತೆಗಾರ ತಂದಿಟ್ಟ ಲೆಕ್ಕದ ಕಾಗದಗಳಿಗೆ ವರ್ಷಗಟ್ಟಲೆ ಓದದೆ ಸಹಿ ಹಾಕಿದ್ದವರು, ಹಣ ಕಳೆದುಕೊಂಡವರು ಎದುರಿಗೆ ನಿಂತಾಗ ‘ನನಗೆ ಗೊತ್ತಿರಲಿಲ್ಲ’ ಎಂದಿದ್ದರು. ಏಕೆ ಓದಲಿಲ್ಲ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ, ‘ಓದಿದರೆ ಗೊತ್ತಾಗಿಬಿಡುತ್ತಿತ್ತಲ್ಲ, ಅಯ್ಯನವರೇ’ ಎಂದರು.

ಕ್ಷಮೆ ಸಿಕ್ಕರೆ ಲೆಕ್ಕ ಮುಗಿಯಿತಲ್ಲವೇ ಎಂಬುದು ಅವರ ಮುಂದಿನ ಪ್ರಶ್ನೆ. ಮನುಷ್ಯ ನೀತಿವಂತನೆಂದು ಎಣಿಸಲ್ಪಡುವುದು ಕೃಪೆಯಿಂದ ಎಂಬುದು ನಮ್ಮ ನಂಬಿಕೆಯ ಬುಡ. ದಶಾಜ್ಞೆಗಳು ಸಹ ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿಮ್ಮನ್ನು ಬಿಡಿಸಿದವನು ನಾನೇ ಎಂಬ ಮಾತಿನಿಂದಲೇ ಆರಂಭವಾಗುತ್ತವೆ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಆದರೆ ಪ್ರತಿಯೊಬ್ಬನೂ ದೇವರಿಗೆ ತನ್ನ ಲೆಕ್ಕ ಒಪ್ಪಿಸಬೇಕೆಂದು ಪೌಲನು ಬರೆದದ್ದು ಈಗಾಗಲೇ ನಂಬಿದವರಿಗೆ. ಹಳೆಯ ಒಡಂಬಡಿಕೆಯ ಯಾಜಕಕಾಂಡದ 6ನೆಯ ಅಧ್ಯಾಯವಂತೂ ಮೋಸದಿಂದ ಪಡೆದುದನ್ನು ಐದನೆಯ ಒಂದು ಭಾಗ ಸೇರಿಸಿ ಅದರ ಒಡೆಯನಿಗೆ ಹಿಂದಿರುಗಿಸಬೇಕೆಂದು ವಿಧಿಸುತ್ತದೆ. ಸುವಾರ್ತೆಯಲ್ಲಿ ಬರುವ ಸುಂಕ ವಸೂಲಿಗಾರ ಜಕ್ಕಾಯನು ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದದ್ದು ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳಲು ತಾನಾಗಿ ಮುಂದಾದ ನಂತರ.

ಆ ದಿನ ನಾವಿಬ್ಬರೂ ಪ್ರಾರ್ಥಿಸಿದೆವು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಯಾರಿಗೆ ಎಷ್ಟು ನಷ್ಟವಾಗಿತ್ತೆಂದು ಅವರು ಒಂದೊಂದಾಗಿ ಬರೆಯತೊಡಗಿದರು.