ಫ್ಯಾನಿನ ರೆಕ್ಕೆಯ ಮೇಲಿನ ಧೂಳು

ಸೀಲಿಂಗ್ ಫ್ಯಾನ್ ಒರೆಸಲು ಸ್ಟೂಲ್ ಹತ್ತಿದವರಿಗೆ ಒಮ್ಮೆಯಾದರೂ ಈ ಪ್ರಶ್ನೆ ಬಂದಿರುತ್ತದೆ: ದಿನವಿಡೀ ಗಿರಗಿರ ತಿರುಗುವ ರೆಕ್ಕೆಯ ಮೇಲೆ ಧೂಳು ಕೂರುವುದಾದರೂ ಹೇಗೆ? ಸಣ್ಣ ಲೆಕ್ಕ ಹಾಕೋಣ. ನಡುವಿನಿಂದ ತುದಿಗೆ 60 ಸೆಂ.ಮೀ., ನಿಮಿಷಕ್ಕೆ 350 ಸುತ್ತು ಎಂದರೆ ತುದಿಯ ವೇಗ ಗಂಟೆಗೆ ಸುಮಾರು 80 ಕಿ.ಮೀ. ಅಂಥ ಗಾಳಿಗೆ ತಲೆಯ ಮೇಲಿನ ಟೋಪಿ ನಿಲ್ಲದು. ಧೂಳಿನ ಕಣ ಮಾತ್ರ ಜಪ್ಪಯ್ಯ ಅಂದರೂ ಏಳುವುದಿಲ್ಲ.

ಕಣ ಕೂತ ಜಾಗದಲ್ಲಿ ಗಾಳಿ ಇದೆ, ಆದರೆ ಬೀಸುತ್ತಿಲ್ಲ. ಗಾಳಿಯಾಗಲಿ ನೀರಾಗಲಿ, ಘನವಸ್ತುವಿನ ಮೈಗೆ ತಾಗಿದ ಭಾಗ ಅದಕ್ಕೆ ಅಂಟಿಕೊಂಡು ಅದರ ಜೊತೆಗೇ ಸಾಗುತ್ತದೆ. ಅದರ ಮೇಲಿನದು ತುಸು ಜಾರುತ್ತದೆ, ಅದಕ್ಕೂ ಮೇಲಿನದು ಇನ್ನಷ್ಟು. ಹೀಗೆ ಕೆಲವೇ ಮಿಲಿಮೀಟರ್ ದೂರದಲ್ಲಿ ವೇಗ ಸೊನ್ನೆಯಿಂದ ಪೂರ್ತಿಗೆ ಏರಿಬಿಡುತ್ತದೆ. ಧೂಳಿನ ಕಣ ಈ ಪದರದ ಬುಡದಲ್ಲಿ ಅವಿತಿರುತ್ತದೆ.

ಇಷ್ಟು ತೆಳುವಾದದ್ದನ್ನು ಲೆಕ್ಕದಿಂದ ಬಿಟ್ಟರೇನು ಎಂದು ಗಣಿತಜ್ಞರಿಗೂ ಅನಿಸಿತ್ತು. ಬಿಟ್ಟಾಗ ಬಂದ ಉತ್ತರ ವಿಚಿತ್ರವಾಗಿತ್ತು. ಒಳಗೆ ಉಜ್ಜಾಟವೇ ಇಲ್ಲದ ದ್ರವದಲ್ಲಿ ಒಂದೇ ವೇಗದಲ್ಲಿ ಸಾಗುವ ಚೆಂಡಿಗೆ ಯಾವ ತಡೆಯೂ ಇರುವುದಿಲ್ಲ ಎಂದು 18ನೇ ಶತಮಾನದಲ್ಲಿ ಫ್ರಾನ್ಸಿನ ಡಾಲಂಬೇರ್ ತೋರಿಸಿದ. ಲೆಕ್ಕ ಸರಿ, ಆದರೆ ನೀರಿನಲ್ಲಿ ಕೈ ಆಡಿಸಿದ ಮಗುವಿಗೂ ಅದು ಸುಳ್ಳೆಂದು ಗೊತ್ತು. ಈ ಗಂಟು ಬಿಚ್ಚಲು ನೂರೈವತ್ತು ವರ್ಷ ಹಿಡಿಯಿತು.

ಬಿಚ್ಚಿದ್ದು 29 ವರ್ಷದ ಲುಡ್‌ವಿಗ್ ಪ್ರಾಂಟ್ಲ್, 1904ರಲ್ಲಿ, ಹೈಡಲ್‌ಬರ್ಗ್‌ನ ಗಣಿತಜ್ಞರ ಸಮ್ಮೇಳನದಲ್ಲಿ. ಕೈಯಿಂದ ಚಕ್ರ ತಿರುಗಿಸಿ ನೀರು ಹರಿಸುವ ತೊಟ್ಟಿ ಮಾಡಿಕೊಂಡು, ನೀರಿನಲ್ಲಿ ಹೊಳೆಯುವ ಖನಿಜದ ಪುಡಿ ಬೆರೆಸಿ, ಹರಿವಿನ ದಾರಿಯನ್ನು ಕಣ್ಣಾರೆ ಕಂಡಿದ್ದವ ಆತ. ಅವನ ಮಾತಿನ ಸಾರ ಇಷ್ಟು: ಮೈಗೆ ಹತ್ತಿದ ತೆಳು ಪದರದಲ್ಲಿ ಮಾತ್ರ ಉಜ್ಜಾಟವನ್ನು ಲೆಕ್ಕಕ್ಕೆ ತನ್ನಿ, ಅದರಾಚೆ ಮರೆತರೂ ನಡೆದೀತು. ಆ ಪದರಕ್ಕೆ ಈಗ ಗಡಿಪದರ ಎನ್ನುತ್ತೇವೆ. ನನ್ನ ಮಟ್ಟಿಗೆ, ಯಾವುದನ್ನು ಮರೆಯಬಹುದೆಂದು ಕಂಡುಕೊಂಡದ್ದೇ ಅವನ ಜಾಣತನ.

ತಡೆ ಎಲ್ಲಿಂದ ಬರುತ್ತದೆ? ಚೆಂಡಿನ ಮುಂಭಾಗದಲ್ಲಿ ಹರಿವು ವೇಗ ಪಡೆಯುತ್ತದೆ, ಒತ್ತಡ ಇಳಿಯುತ್ತದೆ. ಅರ್ಧ ದಾಟಿದ ಮೇಲೆ ಒತ್ತಡ ಮತ್ತೆ ಏರುತ್ತದೆ. ಹೊರಗಿನ ಗಾಳಿಗೆ ಆ ಏರು ಹತ್ತುವ ಕಸುವಿದೆ. ಉಜ್ಜಾಟದಲ್ಲಿ ಬಸವಳಿದ ಗಡಿಪದರ ಮಾತ್ರ ಏರಲಾರದೆ ನಿಂತು, ಹಿಮ್ಮೆಟ್ಟಿ, ಕೊನೆಗೆ ಮೈಬಿಟ್ಟು ಕಿತ್ತುಕೊಳ್ಳುತ್ತದೆ. ಹಿಂದೆ ಸುಳಿಗಳ ಗೊಂದಲ, ಕಡಿಮೆ ಒತ್ತಡ. ಚೆಂಡನ್ನು ಹಿಂದಕ್ಕೆಳೆಯುವುದು ಬಹುಪಾಲು ಇದೇ.

ಹಾಗಾದರೆ ನುಣುಪಾದಷ್ಟೂ ಒಳ್ಳೆಯದಲ್ಲವೇ? ಅಲ್ಲ! ಗುಂಡಿನ ಮೇಲೆ ಗಾಳಿ ಹಾಯಿಸಿ ಅಳೆಯುತ್ತಿದ್ದ ಐಫೆಲ್ (ಗೋಪುರದವನೇ) 1912ರಲ್ಲಿ, ಒಂದು ವೇಗ ದಾಟುತ್ತಲೇ ತಡೆ ದಿಢೀರನೆ ಕುಸಿಯುವುದನ್ನು ಕಂಡ. ಎರಡು ವರ್ಷದ ಬಳಿಕ ಪ್ರಾಂಟ್ಲ್ ಗುಂಡಿನ ನಡುಗೆರೆಗಿಂತ ತುಸು ಮುಂದೆ ತೆಳು ತಂತಿಯ ಬಳೆ ತೊಡಿಸಿದ. ತಂತಿ ಗಡಿಪದರವನ್ನು ಕದಡಿತು. ಕದಡಿದ ಪದರಕ್ಕೆ ಹೊರಗಿನ ವೇಗದ ಗಾಳಿ ಬೆರೆತು ಹೊಸ ಕಸುವು ಬಂತು, ಅದು ಇನ್ನಷ್ಟು ಹಿಂದಿನವರೆಗೆ ಮೈಗಂಟಿ ಸಾಗಿತು, ಸುಳಿಗಳ ಬಾಲ ಸಣ್ಣದಾಯಿತು. ಮೈ ಒರಟಾಗಿಯೂ ತಡೆ ತಗ್ಗಿತು.

ಗಾಲ್ಫ್ ಆಡುವವರು ಇದನ್ನು ಲೆಕ್ಕವಿಲ್ಲದೆಯೇ ಕಂಡುಕೊಂಡಿದ್ದರು: 19ನೇ ಶತಮಾನದಲ್ಲಿ ಹೊಸ ನುಣುಪು ಚೆಂಡಿಗಿಂತ ಪೆಟ್ಟು ತಿಂದು ಗಾಯವಾದ ಹಳೆಯದೇ ದೂರ ಹೋಗುತ್ತಿತ್ತು. ಈಗಿನ ಚೆಂಡಿನ ಗುಳಿಗಳು ಆ ಗಾಯಗಳ ಮೊಮ್ಮಕ್ಕಳು. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ರೆಕ್ಕೆಯ ಬೆನ್ನು ನೋಡಿ. ಕೆಲವು ವಿಮಾನಗಳಲ್ಲಿ ಬೆರಳುದ್ದದ ಲೋಹದ ತುಂಡುಗಳು ಸಾಲಾಗಿ ಎದ್ದು ನಿಂತಿರುತ್ತವೆ. ಅವಕ್ಕಿರುವುದು ಒಂದೇ ಕೆಲಸ: ಸುಸ್ತಾದ ಗಡಿಪದರವನ್ನು ಕಲಕಿ ಎಬ್ಬಿಸುವುದು.