ಕುದುರೆಯ ಡಬ್ಬಿಯಿಂದ ಯಜಮಾನರ ಮಂಡಿಗೆ

"ಮನುಷ್ಯರಾದರೆ ಔಷಧಿ ಮೇಲಿನ ನಂಬಿಕೆಯಿಂದಲೇ ವಾಸಿಯಾಯ್ತು ಅನ್ನಬಹುದು ಸ್ವಾಮಿ. ಕುದುರೆಗೆ ಯಾವ ನಂಬಿಕೆ?"

ಮೂಡಿಗೆರೆ ಕಡೆಯ ಕಾಫಿ ತೋಟದ ಯಜಮಾನರೊಬ್ಬರು ನನ್ನ ಮುಂದಿಟ್ಟ ವಾದ ಇದು. ಅವರ ಲಾಯದಲ್ಲಿರುವ ವಯಸ್ಸಾದ ಹೆಣ್ಣು ಕುದುರೆ ಮುಂಗಾಲು ಕುಂಟುತ್ತಿತ್ತು. ಕೀಲುನೋವಿಗೆಂದು ಮಾರುವ ಗ್ಲುಕೋಸಮೈನ್ ಪುಡಿಯ ದೊಡ್ಡ ಡಬ್ಬಿ ತರಿಸಿದರು. ನೆನೆಸಿದ ಹುರುಳಿಯ ಜೊತೆ ಒಂದು ಅಳತೆ ಕುದುರೆಗೆ, ಮಜ್ಜಿಗೆಯಲ್ಲಿ ಅರ್ಧ ಚಮಚ ತಮ್ಮ ಮಂಡಿಗೆ. ಈಗ ಇಬ್ಬರೂ ಸಲೀಸಾಗಿ ಓಡಾಡುತ್ತಿದ್ದಾರಂತೆ. ಕುದುರೆಯಲ್ಲಿ ಕೆಲಸ ಮಾಡಿದ್ದು ಸುಳ್ಳಾಗಲು ಸಾಧ್ಯವೇ ಇಲ್ಲ, ಹಾಗಾಗಿ ತಮಗೂ ಅದರಿಂದಲೇ ವಾಸಿಯಾಗಿದೆ ಎಂಬುದು ಅವರ ತೀರ್ಮಾನ. ಎತ್ತಿನ ವಿಷಯದಲ್ಲೂ ನಾಯಿಯ ವಿಷಯದಲ್ಲೂ ಇದೇ ವಾದವನ್ನು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಕೇಳಿದಾಗಲೆಲ್ಲ ಮೈ ಪರಚಿಕೊಳ್ಳುವ ಹಾಗಾಗುತ್ತದೆ, ಏಕೆಂದರೆ ಅದರ ಅರ್ಧ ನಿಜ. ಕುದುರೆಗೆ ನಂಬಿಕೆಯಿಲ್ಲ, ಒಪ್ಪಿದೆ. ಆದರೆ ಕುಂಟುವುದು ಕಡಿಮೆಯಾಯಿತು ಎಂದು ಹೇಳಿದವರು ಯಾರು? ಕುದುರೆಯಂತೂ ಅಲ್ಲ.

ಕೀಲುವಾತದ ನಾಯಿಗಳ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೆಲವು ನಾಯಿಗಳಿಗೆ ಸಿಕ್ಕಿದ್ದು ಔಷಧಿಯೇ ಇಲ್ಲದ ಹುಸಿಮಾತ್ರೆ. ಪ್ರತಿ ಕಾಲು ನೆಲವನ್ನು ಎಷ್ಟು ಒತ್ತುತ್ತದೆ ಎಂದು ಅಳೆಯುವ ತಟ್ಟೆಯ ಮೇಲೆ ಅವನ್ನು ನಡೆಸಿದರು. ತಟ್ಟೆಯ ಲೆಕ್ಕದಲ್ಲಿ ಏನೂ ಬದಲಾಗದಿದ್ದಾಗಲೂ ನೂರಕ್ಕೆ ಸುಮಾರು 40ರಷ್ಟು ಸಲ ಸಾಕಿದವರು "ಸುಧಾರಿಸಿದೆ" ಎಂದರು. ಪಶುವೈದ್ಯರೂ ಹೆಚ್ಚುಕಡಿಮೆ ಅಷ್ಟೇ ಸಲ ಹಾಗೆಂದರು. ಹುಸಿಮಾತ್ರೆ ನುಂಗಿದ್ದು ನಾಯಿ, ಪರಿಣಾಮವಾದದ್ದು ನೋಡುವವರ ಕಣ್ಣಿನ ಮೇಲೆ.

ಕುದುರೆಯ ಕುಂಟು ಇನ್ನೂ ಕಷ್ಟದ್ದು. ಅದನ್ನು ಗುರುತಿಸುವ ಹಳೆಯ ಉಪಾಯವೊಂದಿದೆ. ಗಟ್ಟಿ ನೆಲದ ಮೇಲೆ ದುಡುಕಿ ಓಟದಲ್ಲಿ, ಅಂದರೆ ನಡಿಗೆಗಿಂತ ತುಸು ವೇಗದ ಕುಲುಕು ಓಟದಲ್ಲಿ ಬಿಟ್ಟು ತಲೆಯನ್ನು ನೋಡಬೇಕು. ನೋವಿರುವ ಮುಂಗಾಲು ನೆಲ ಮುಟ್ಟುವ ಹೊತ್ತಿಗೆ ತಲೆ ಮೇಲೇಳುತ್ತದೆ, ಸರಿಯಿರುವ ಕಾಲು ಊರುವಾಗ ಇಳಿಯುತ್ತದೆ. ಕುದುರೆಯ ಭಾರದ ಅರ್ಧಕ್ಕಿಂತ ಹೆಚ್ಚು ಮುಂಗಾಲುಗಳ ಮೇಲೇ ಇರುವುದರಿಂದ, ಅದು ತಲೆಯನ್ನು ಎತ್ತಿ ನೋಯುವ ಕಾಲಿನ ಹೊರೆ ಇಳಿಸಿಕೊಳ್ಳುತ್ತದೆ. ಕುಂಟು ಜೋರಾಗಿದ್ದರೆ ಮಕ್ಕಳಿಗೂ ಕಾಣುತ್ತದೆ. ತುಸುವೇ ಇದ್ದರೆ? 2010ರ ಅಧ್ಯಯನವೊಂದರಲ್ಲಿ ಅನುಭವಿ ಪಶುವೈದ್ಯರು ಒಂದೇ ಕುದುರೆಯನ್ನು ಬೇರೆಬೇರೆಯಾಗಿ ನೋಡಿ, ಕಾಲು ಕುಂಟುತ್ತಿದೆಯೋ ಇಲ್ಲವೋ ಎಂಬ ಬಗ್ಗೆ ಒಮ್ಮತಕ್ಕೆ ಬಂದದ್ದು ನೂರಕ್ಕೆ ಸುಮಾರು 62 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತಿತ್ತು.

ಇದಕ್ಕೆ ನಮ್ಮ ಮಲೆನಾಡಿನ ಪಂಚಾಂಗವನ್ನೂ ಸೇರಿಸಿ. ಆಷಾಢದ ಮಳೆಯಲ್ಲಿ ಕುದುರೆ ದಿನಗಟ್ಟಲೆ ಲಾಯದಲ್ಲೇ ನಿಂತು ಕಾಲು ಬಿಗಿದುಕೊಳ್ಳುತ್ತದೆ, ಹೊರಗೆ ಬಿಟ್ಟರೆ ಜಾರುವ ಇಳಿಜಾರು. ನೋವು ತಾರಕಕ್ಕೇರಿದಾಗಲೇ ತಾನೇ ನಾವು ಔಷಧಿಗೆ ಹುಡುಕುವುದು? ತಾರಕದಿಂದ ಮುಂದೆ ಇಳಿಯಲೇಬೇಕು. ದೀಪಾವಳಿ ಹೊತ್ತಿಗೆ ನೆಲ ಒಣಗಿ, ಕುದುರೆ ನಡೆದಾಡಿ ಕೀಲು ಸಡಿಲವಾದಾಗ ಕೀರ್ತಿಯೆಲ್ಲ ಪುಡಿಗೆ. ಕೆದಕಿ ಕೇಳಿದ ಮೇಲೆ ಯಜಮಾನರು ಇನ್ನೊಂದು ವಿಷಯ ಹೇಳಿದರು. ಅದೇ ತಿಂಗಳು ಲಾಳ ಹೊಡೆಯುವವರು ಬಂದು, ಉದ್ದ ಬೆಳೆದಿದ್ದ ಗೊರಸಿನ ಮುಂತುದಿ ಕತ್ತರಿಸಿ ಹೊಸ ಲಾಳ ಕಟ್ಟಿ ಹೋಗಿದ್ದರಂತೆ! ಗೊರಸಿನ ತುದಿ ಉದ್ದವಾದಷ್ಟೂ ಹೆಜ್ಜೆ ಎತ್ತುವಾಗ ಕಾಲಿನ ಕೆಳಗಿನ ಕೀಲು ಮತ್ತು ಸ್ನಾಯುರಜ್ಜುಗಳ ಮೇಲೆ ಎಳೆತ ಹೆಚ್ಚು. ಅದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇದು ಹೊಸ ಚಾಳಿಯೇನಲ್ಲ. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಆನೆ ಸಿಂಹಗಳ ಪಟ್ಟಿಕೆ ದಾಟಿ ಮೇಲಕ್ಕೆ ಕಣ್ಣೆತ್ತಿದರೆ ಕುದುರೆ ಸವಾರರ ಸಾಲು ಸಿಗುತ್ತದೆ. ಹೊಯ್ಸಳರ ಕಾಲಕ್ಕೆ ಒಳ್ಳೆಯ ಕುದುರೆಯೆಂದರೆ ಅರಬ್ಬೀ ಕಡಲು ದಾಟಿ ಬರುತ್ತಿದ್ದ ದುಬಾರಿ ಸರಕು. ಅಂಥದ್ದು ಕುಂಟಿದರೆ ಮದ್ದು ಹುಡುಕದೆ ಬಿಟ್ಟಾರೆಯೇ? 12ನೇ ಶತಮಾನದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲೇ 'ಗೋವೈದ್ಯ' ಬರೆದ. ಅದರಲ್ಲಿ ಔಷಧಿಯ ಜೊತೆ ಮಂತ್ರವೂ ಇದೆ. ಎತ್ತು ಎದ್ದು ನಿಂತರೆ ಎರಡಕ್ಕೂ ಸಮಪಾಲು ಹೆಸರು. ಅಮೆರಿಕದಲ್ಲಿ 1892ರಲ್ಲಿ ಕುದುರೆಗಳ ಕಾಲಿಗೆಂದು ಬಂದ ಅಬ್ಸಾರ್ಬೈನ್ ಎಂಬ ಎಣ್ಣೆಯನ್ನು ರೈತರು ತಮ್ಮ ಮೈಗೂ ಹಚ್ಚಿಕೊಳ್ಳತೊಡಗಿದರು. ಕಂಪನಿಯವರು 1903ರಲ್ಲಿ ಮನುಷ್ಯರಿಗೆಂದೇ 'ಅಬ್ಸಾರ್ಬೈನ್ ಜೂನಿಯರ್' ತಂದರು. ಸೀನಿಯರ್ ಕುದುರೆಯೇ.

ಪುಡಿಯ ವಿಷಯ ಬೇಗ ಮುಗಿಸುತ್ತೇನೆ. ಗ್ಲುಕೋಸಮೈನ್ ಬಹುಪಾಲು ಸಿಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ. ಹುಲ್ಲು ಮೇಯುವ ಪ್ರಾಣಿಗೆ ಸಿಗಡಿ ಚಿಪ್ಪು! ಕೀಲಿನ ಮೃದ್ವಸ್ಥಿ ಕಟ್ಟಲು ದೇಹ ಅದನ್ನು ಬಳಸುತ್ತದೆ ನಿಜ. ಹಾಗೆಂದು ತಿಂದದ್ದೆಲ್ಲ ನೇರ ಮಂಡಿಗೆ ಹೋಗುತ್ತದೆ ಎನ್ನುವುದು, ಕಾಲು ಸೂಪು ಕುಡಿದರೆ ಕಾಲಿಗೆ ಬಲ ಎನ್ನುವ ತರ್ಕವೇ. ಕುದುರೆಗೆ ಬಾಯಿಂದ ಕೊಟ್ಟದ್ದರಲ್ಲಿ ರಕ್ತ ಸೇರುವುದು ಅಲ್ಪ, ಕೀಲಿನ ದ್ರವಕ್ಕೆ ತಲುಪುವುದು ಅತ್ಯಲ್ಪ. ಪ್ರಯೋಗಾಲಯದ ಬಟ್ಟಲಲ್ಲಿ ಪರಿಣಾಮ ಕಂಡಿದ್ದು ಅದರ ಕನಿಷ್ಠ 500 ಪಟ್ಟು ಸಾಂದ್ರತೆಯಲ್ಲಿ. ಮನುಷ್ಯರಲ್ಲಿ? ಮಂಡಿನೋವಿನ 1,583 ಜನರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಗ್ಲುಕೋಸಮೈನ್ ಮತ್ತು ಅದರ ಜೋಡಿಯಾಗಿ ಮಾರುವ ಕಾಂಡ್ರಾಯ್ಟಿನ್ ಎರಡನ್ನೂ ತೆಗೆದುಕೊಂಡವರಲ್ಲಿ ನೂರಕ್ಕೆ 66.6 ಮಂದಿಗೆ ನೋವು ಗಮನಾರ್ಹವಾಗಿ ಇಳಿಯಿತು, ಹುಸಿಮಾತ್ರೆಯವರಲ್ಲಿ 60.1. ಈ ಅಂತರ ಆಕಸ್ಮಿಕವಲ್ಲ ಎನ್ನುವಷ್ಟು ದೊಡ್ಡದಲ್ಲ. ಈ ಪುಡಿ ದೊಡ್ಡ ಅಪಾಯದ್ದೇನಲ್ಲ, ಜೇಬಿಗೆ ಭಾರ ಅಷ್ಟೆ. ಸಿಗಡಿ ತಿಂದರೆ ಮೈ ಕಡಿಯುವವರು, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರ ಮುಟ್ಟಬಾರದು.

ಹಚ್ಚುವ ಎಣ್ಣೆ, ಮುಲಾಮುಗಳಿಗೆ ಇದಕ್ಕಿಂತ ಮರ್ಯಾದೆ ಸಲ್ಲಬೇಕು. ನಮ್ಮ ಹಿತ್ತಿಲ ಸೂಜಿಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಚರ್ಮದ ನರತುದಿಯ ಒಂದು ಬಾಗಿಲನ್ನು ತೆರೆಯುತ್ತದೆ. ಟಿಆರ್‌ಪಿವಿ1 ಎಂಬ ಆ ಬಾಗಿಲು ಮಾಮೂಲಾಗಿ ತೆರೆಯುವುದು ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿಗೆ, ಅದಕ್ಕೇ ಖಾರ ಉರಿಯುವುದು. ಪದೇಪದೇ ಹಚ್ಚಿದರೆ ಆ ನರತುದಿ ಮಂಕಾಗಿ ನೋವಿನ ಸುದ್ದಿಯನ್ನೂ ಸರಿಯಾಗಿ ಮುಟ್ಟಿಸುವುದಿಲ್ಲ. 1997ರಲ್ಲಿ ಈ ಬಾಗಿಲನ್ನು ಪತ್ತೆ ಮಾಡಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹಕ್ಕಿಗಳಲ್ಲಿ ಇದೇ ಬಾಗಿಲು ಖಾರಕ್ಕೆ ಜಗ್ಗುವುದಿಲ್ಲ. ಪಿಕಳಾರ ಸೂಜಿಮೆಣಸನ್ನು ಹಣ್ಣಿನಂತೆ ನುಂಗಿ ತೋಟದ ತುಂಬ ಬೀಜ ಬಿತ್ತುವುದು ಅದರಿಂದಲೇ. ಕುದುರೆಯ ಚರ್ಮ ನಮ್ಮ ಕಡೆಗೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗ್‌ನಲ್ಲಿ ನಡೆದಾಗ ನಾಲ್ಕು ಜಿಗಿತದ ಕುದುರೆಗಳಲ್ಲಿ ಕ್ಯಾಪ್ಸೈಸಿನ್ ಸಿಕ್ಕಿ, ನಾರ್ವೆ ತಂಡದ ಕಂಚೇ ಹೋಯಿತು. ಕಾಲಿಗೆ ಹಚ್ಚಿದರೆ ನೋವು ಮರೆಸುತ್ತದೆ ಎಂಬುದೊಂದೇ ಅಲ್ಲ, ಹೊಸದಾಗಿ ಹಚ್ಚಿದ ಉರಿಯಲ್ಲಿ ಅಡ್ಡಗಂಬಿ ತಾಗಿದರೆ ಇನ್ನಷ್ಟು ನೋಯುವುದರಿಂದ ಕುದುರೆ ಎತ್ತರಕ್ಕೆ ನೆಗೆಯುತ್ತದೆ ಎಂಬ ಕಾರಣಕ್ಕೂ ಅದು ನಿಷಿದ್ಧ.

ನನಗೆ ನಿಜವಾಗಿ ಭಯವಿರುವುದು ಫಿನೈಲ್‌ಬ್ಯುಟಜೋನ್ ಬಗ್ಗೆ. ಕುದುರೆ ಲೋಕದಲ್ಲಿ ಇದಕ್ಕೆ 'ಬ್ಯೂಟ್' ಎಂದೇ ಹೆಸರು. ಇದು ಹುಸಿಯಲ್ಲ, ನೋವನ್ನೂ ಊತವನ್ನೂ ನಿಜವಾಗಿ ಇಳಿಸುತ್ತದೆ. ಅಮೆರಿಕದ ಹೆಸರಾಂತ ಕುದುರೆ ಪಂದ್ಯವಾದ ಕೆಂಟಕಿ ಡರ್ಬಿಯನ್ನು 1968ರಲ್ಲಿ ಗೆದ್ದ ಡಾನ್ಸರ್ಸ್ ಇಮೇಜ್ ಎಂಬ ಕುದುರೆ ಪಟ್ಟ ಕಳೆದುಕೊಂಡಿದ್ದು ಮೂತ್ರದಲ್ಲಿ ಇದು ಸಿಕ್ಕಿದ್ದಕ್ಕೆ. ತಮಾಷೆಯೆಂದರೆ 1949ರಲ್ಲಿ ಇದು ಬಂದದ್ದು ಮನುಷ್ಯರ ಸಂಧಿವಾತಕ್ಕೆ. ಕೆಲವರಲ್ಲಿ ಮೂಳೆಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸಿ ಸಾವುಗಳಾದವು. ಹಲವು ದೇಶಗಳು ಮನುಷ್ಯರ ಬಳಕೆಯಿಂದ ಅದನ್ನು ಹಿಂದಕ್ಕೆ ಪಡೆದವು, ಕುದುರೆಗೆ ಉಳಿಯಿತು.

"ಕುದುರೆ 450 ಕಿಲೋ, ನಾನು 70 ಕಿಲೋ, ಆರನೇ ಒಂದು ಪಾಲು ತಗೊಂಡ್ರೆ ಆಯ್ತು" ಎನ್ನುವವರಿದ್ದಾರೆ. ತೂಕದ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಕುದುರೆಯ ರಕ್ತದಲ್ಲಿ ಈ ಔಷಧಿ ಅರ್ಧಕ್ಕಿಳಿಯಲು ಸುಮಾರು 6 ಗಂಟೆ ಸಾಕು. 24 ಗಂಟೆಯಲ್ಲಿ ನಾಲ್ಕು ಸಲ ಅರ್ಧವಾಗಿ ಹದಿನಾರನೇ ಒಂದು ಪಾಲು ಮಾತ್ರ ಉಳಿಯುತ್ತದೆ. ಮರುದಿನದ ಅಳತೆ ಹೆಚ್ಚುಕಡಿಮೆ ಖಾಲಿ ರಕ್ತಕ್ಕೆ ಬೀಳುತ್ತದೆ. ಮನುಷ್ಯನಲ್ಲಿ ಅರ್ಧಕ್ಕಿಳಿಯಲು ಸುಮಾರು 72 ಗಂಟೆ, ಅಂದರೆ ಮೂರು ದಿನ. ಒಂದು ದಿನ ಕಳೆದರೂ ನೂರಕ್ಕೆ 79 ಭಾಗ ಹಾಗೇ ಇರುತ್ತದೆ. ಕಣದಲ್ಲಿ ನಿನ್ನೆಯ ಕಾಫಿ ಒಣಗುವ ಮೊದಲೇ ಇವತ್ತಿನ ಮೂಟೆಯನ್ನೂ ಅದರ ಮೇಲೇ ಸುರಿದ ಹಾಗೆ. ದಿನಕ್ಕೆ 100 ಮಿಲಿಗ್ರಾಂ ತೆಗೆದುಕೊಂಡವರ ಮೈಯಲ್ಲಿ ಮೊದಲ ದಿನ 100, ಎರಡನೇ ದಿನ 179, ಮೂರನೇ ದಿನ 242. ಹೀಗೇ ಏರುತ್ತ ಕೊನೆಗೆ 485ರ ಹತ್ತಿರ ನಿಲ್ಲುತ್ತದೆ. ಕುದುರೆಯಲ್ಲಿ ಇದೇ ಲೆಕ್ಕ 107 ದಾಟುವುದಿಲ್ಲ. ಎರಡೂ ದೇಹಗಳ ಪಿತ್ತಜನಕಾಂಗಗಳು ಈ ಒಂದು ಅಣುವನ್ನು ಒಡೆಯುವ ವೇಗ ಅಷ್ಟು ಬೇರೆ. ಮೂಳೆಮಜ್ಜೆಯ ಅಪಾಯ ಈ ಲೆಕ್ಕಕ್ಕೂ ಸಿಗದು, ಕಡಿಮೆ ಅಳತೆಯಲ್ಲೂ ಯಾರಿಗೆ ಬಂದೀತು ಎಂದು ಮೊದಲೇ ಹೇಳಲಾಗದು. ಲಾಯದ ಕಪಾಟಿನಲ್ಲಿ ಈ ಪೊಟ್ಟಣವಿದ್ದರೆ ಅದನ್ನು ಮನೆಯ ಔಷಧಿಗಳಿಂದ ದೂರ ಇಡಿ.

ಎದುರು ದಿಕ್ಕಿನಲ್ಲೂ ಇದೇ ಕಥೆ. ನಮ್ಮ ಮಂಡಿನೋವಿನ ಡಿಕ್ಲೊಫೆನಾಕ್ ದನಗಳಿಗೂ ಬಂತು. ಅದನ್ನು ಚುಚ್ಚಿಸಿಕೊಂಡು ಸತ್ತ ದನದ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ಒಳಗೆಲ್ಲ ಯೂರಿಕ್ ಆಮ್ಲ ಬಿಳಿಯಾಗಿ ಹೆಪ್ಪುಗಟ್ಟಿ ಸತ್ತವು. ದೇಶದಲ್ಲಿ ಮೂರು ಜಾತಿಯ ರಣಹದ್ದುಗಳು ನೂರಕ್ಕೆ 95ಕ್ಕೂ ಹೆಚ್ಚು ಕಣ್ಮರೆಯಾದ ಮೇಲೆ, 2006ರಲ್ಲಿ ಪ್ರಾಣಿಗಳಿಗೆ ಅದನ್ನು ನಿಷೇಧಿಸಲಾಯಿತು. ಮನುಷ್ಯರದೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುವುದು ಆಮೇಲೂ ನಿಲ್ಲಲಿಲ್ಲ, 2015ರಲ್ಲಿ ಸೀಸೆಯನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು. ಅದರ ಜಾಗಕ್ಕೆ ಬಂದದ್ದು ಮೆಲೋಕ್ಸಿಕ್ಯಾಮ್, ರಣಹದ್ದುಗಳ ಮೇಲೆ ಪರೀಕ್ಷಿಸಿ ಪಾಸಾದ ಔಷಧಿ. ದನ, ಕುದುರೆ, ಯಜಮಾನ ಮೂವರಿಗೂ ಬರೆದುಕೊಡುವಂಥದ್ದು. ಆದರೂ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ದನದಲ್ಲಿ ಸುಮಾರು 26 ಗಂಟೆ, ಮನುಷ್ಯನಲ್ಲಿ 20, ಕುದುರೆಯಲ್ಲಿ 8. ಚೀಟಿಗಳು ಮೂರು ಬೇರೆಯೇ ಇರಬೇಕು.