ಗ್ರಾಫಿಕ್ಸ್ ಡ್ರೈವರ್ ಇದ್ದರೂ ವಿಡಿಯೊದ ಹೊರೆ ಸಿಪಿಯು ಮೇಲೆಯೇ ಏಕೆ?

ಪ್ರಶ್ನೆ: ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರ್ ಇರುವ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡಿದ್ದೇನೆ. ಮುಕ್ತ ಗ್ರಾಫಿಕ್ಸ್ ಡ್ರೈವರ್ ತಾನಾಗಿಯೇ ಬಂದಿದೆ, ಪರದೆಯ ಮೇಲೆ ಎಲ್ಲವೂ ಸರಾಗವಾಗಿ ನಡೆಯುತ್ತದೆ. ಆದರೆ ಯೂಟ್ಯೂಬ್ ವಿಡಿಯೊ ಹಾಕಿದೊಡನೆ ಸಿಪಿಯು ಬಳಕೆ ಏರಿ ಫ್ಯಾನ್ ಜೋರಾಗಿ ತಿರುಗತೊಡಗುತ್ತದೆ. ಡ್ರೈವರ್‌ನಲ್ಲಿ ದೋಷವಿದೆಯೇ?

ಉತ್ತರ: ನಿಮ್ಮ ಡ್ರೈವರ್ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಗ್ರಾಫಿಕ್ಸ್ ಚಿಪ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಘಟಕಗಳು ಇರುವುದೇ ಈ ಗೊಂದಲದ ಮೂಲ. ಕಿಟಕಿಗಳನ್ನೂ ಆಟಗಳನ್ನೂ ಪರದೆಯ ಮೇಲೆ ಮೂಡಿಸುವುದು ಶೇಡರ್ ಘಟಕಗಳ ಕೆಲಸ. ಸಂಕುಚಿತ ವಿಡಿಯೊವನ್ನು ಬಿಡಿಸುವುದು ಅದೇ ಚಿಪ್‌ನೊಳಗೆ ಆ ಒಂದೇ ಕೆಲಸಕ್ಕಾಗಿ ರೂಪಿಸಿದ ಡಿಕೋಡರ್ ಎಂಬ ಇನ್ನೊಂದು ಸರ್ಕ್ಯೂಟ್‌ನ ಕೆಲಸ. ಮೊದಲನೆಯದು ನಡೆಯುತ್ತಿದೆ ಎಂದಮಾತ್ರಕ್ಕೆ ಎರಡನೆಯದೂ ನಡೆಯುತ್ತಿದೆ ಎನ್ನಲಾಗದು.

ಶೇಡರ್‌ಗಳೇ ವಿಡಿಯೊವನ್ನೂ ಬಿಡಿಸಬಾರದೇಕೆ ಎಂದು ಕೇಳಬಹುದು. ಸಾವಿರಾರು ಬಿಂದುಗಳ ಮೇಲೆ ಒಂದೇ ಬಗೆಯ ಲೆಕ್ಕವನ್ನು ಏಕಕಾಲಕ್ಕೆ ಮಾಡುವುದು ಶೇಡರ್‌ಗಳ ಬಲ. ಆದರೆ ಎಚ್.264 ಎಂಬ ಸಂಕುಚಿತ ರೂಪದ ವಿಡಿಯೊಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕಬಾಕ್ ಎಂಬ ಸಂಕೇತ ವಿಧಾನದಲ್ಲಿ, ಹಿಂದಿನ ಸಂಕೇತವನ್ನು ಬಿಡಿಸಿ ಮುಗಿಸುವವರೆಗೆ ಮುಂದಿನದರ ಅರ್ಥವೇ ತಿಳಿಯುವುದಿಲ್ಲ. ಕೆಲಸವನ್ನು ಹಂಚಿಕೊಳ್ಳಲು ಅಲ್ಲಿ ದಾರಿಯಿಲ್ಲ. ಎಎಂಡಿ ಚಿಪ್‌ಗಳ ಮುಕ್ತ ಡ್ರೈವರ್‌ನಲ್ಲಿ ಶೇಡರ್‌ಗಳಿಂದ ಹಳೆಯ ಎಂಪೆಗ್-2 ವಿಡಿಯೊವನ್ನು ನಿಭಾಯಿಸುವ ಪ್ರಯತ್ನ ನಡೆದಿತ್ತಾದರೂ, ನಿಜವಾದ ಪರಿಹಾರ ದೊರೆತದ್ದು 2013ರ ಏಪ್ರಿಲ್‌ನಲ್ಲಿ, ಎಎಂಡಿ ತನ್ನ ಯುವಿಡಿ ಎಂಬ ಡಿಕೋಡರ್ ಘಟಕವನ್ನು ನಡೆಸುವ ಕೋಡನ್ನು ಮುಕ್ತವಾಗಿ ಬಿಡುಗಡೆ ಮಾಡಿದಾಗ. ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನ 3.10ನೇ ಆವೃತ್ತಿಯನ್ನು ಸೇರಿತು. ಘಟಕವು ಚಿಪ್‌ನಲ್ಲಿ ವರ್ಷಗಳಿಂದ ಇದ್ದರೂ ಅದನ್ನು ಮುಟ್ಟುವ ದಾರಿ ಮುಕ್ತ ತಂತ್ರಾಂಶಕ್ಕೆ ಇರಲಿಲ್ಲ ಎಂಬುದನ್ನು ನೆನೆದರೆ, ಇಂದು ನಮಗೆ ಸಹಜವೆನಿಸುವ ಈ ಸೌಲಭ್ಯದ ಹಿಂದಿನ ಶ್ರಮದ ಬಗ್ಗೆ ಗೌರವ ಮೂಡುತ್ತದೆ.

ಈಗ ನಿಮ್ಮ ಲ್ಯಾಪ್‌ಟಾಪ್‌ನ ವಿಷಯ. ಡಿಕೋಡರ್ ಘಟಕಕ್ಕೆ ಹೊಸ ಭಾಷೆಯನ್ನು ಕಲಿಸಲಾಗದು. ತಯಾರಾದ ದಿನ ಅದಕ್ಕೆ ಯಾವ ಕೋಡೆಕ್‌ಗಳು, ಅಂದರೆ ವಿಡಿಯೊವನ್ನು ಸಂಕುಚಿಸಿ ಬಿಡಿಸುವ ವಿಧಾನಗಳು, ಗೊತ್ತಿದ್ದವೋ ಅಷ್ಟೇ. ಆರನೇ ತಲೆಮಾರಿನ ಸ್ಕೈಲೇಕ್ ಚಿಪ್ ಎಚ್.264 ಅನ್ನೂ 8 ಬಿಟ್‌ನ ಎಚ್‌ಇವಿಸಿಯನ್ನೂ ಬಿಡಿಸಬಲ್ಲದು. ವಿಪಿ9 ಅನ್ನು ಪೂರ್ಣವಾಗಿ ಬಿಡಿಸುವ ಸಾಮರ್ಥ್ಯ ಬಂದದ್ದು ಏಳನೇ ತಲೆಮಾರಿನ ಕೇಬಿ ಲೇಕ್‌ನಲ್ಲಿ, ಎವಿ1ರದ್ದು 2020ರ ಟೈಗರ್ ಲೇಕ್‌ನಲ್ಲಿ. ಯೂಟ್ಯೂಬ್ ಸಾಮಾನ್ಯವಾಗಿ ಬ್ರೌಸರ್‌ಗೆ ಕಳುಹಿಸುವುದು ಈ ವಿಪಿ9 ಅಥವಾ ಎವಿ1 ರೂಪವನ್ನೇ. ಹೀಗಾಗಿ ನಿಮ್ಮ ಡಿಕೋಡರ್ ಕೈಕಟ್ಟಿ ಕೂರುತ್ತದೆ, ಇಡೀ ಹೊರೆ ಸಿಪಿಯು ಮೇಲೆ ಬೀಳುತ್ತದೆ. ಎಷ್ಟೇ ಹೊಸ ಡ್ರೈವರ್ ಹಾಕಿದರೂ ಇದು ಬದಲಾಗದು.

ಇದು ನಿಮ್ಮ ಯಂತ್ರದಲ್ಲಿ ನಿಜವೇ ಎಂದು ಪರೀಕ್ಷಿಸಲು ಟರ್ಮಿನಲ್‌ನಲ್ಲಿ ವಿಎಇನ್ಫೊ (vainfo) ಎಂಬ ಆಜ್ಞೆಯನ್ನು ನಡೆಸಿ. ತಂತ್ರಾಂಶಗಳು ಡಿಕೋಡರ್ ಘಟಕದೊಡನೆ ಮಾತನಾಡಲು ಇಂಟೆಲ್ ರೂಪಿಸಿದ ವಿಎ-ಎಪಿಐ ಎಂಬ ಮಧ್ಯವರ್ತಿ ಏರ್ಪಾಡು ಏನೇನನ್ನು ಬಲ್ಲದು ಎಂಬುದನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ಕೋಡೆಕ್‌ನ ಹೆಸರಿರುವ ಸಾಲು ವಿಎಲ್‌ಡಿ (VLD) ಎಂಬ ಮೂರಕ್ಷರಗಳಿಂದ ಮುಗಿದಿದ್ದರೆ ಆ ಕೋಡೆಕ್ ಅನ್ನು ನಿಮ್ಮ ಚಿಪ್ ಬಿಡಿಸಬಲ್ಲದು ಎಂದು ತಿಳಿಯಿರಿ. ಪಟ್ಟಿಯೇ ಬರದಿದ್ದರೆ ವಿಎ-ಎಪಿಐ ಡ್ರೈವರ್‌ನ ಪ್ಯಾಕೇಜ್ ಇಲ್ಲವೆಂಬ ಸಾಧ್ಯತೆಯೇ ಹೆಚ್ಚು. ಇಂಟೆಲ್‌ನಲ್ಲಿ ಅದು ಮುಕ್ತ ಗ್ರಾಫಿಕ್ಸ್ ಡ್ರೈವರ್‌ಗಳ ಸಂಗ್ರಹವಾದ ಮೆಸಾದಿಂದ ಬೇರೆಯಾದ ಪ್ಯಾಕೇಜ್, ಐದನೇ ತಲೆಮಾರಿನಿಂದೀಚೆಗೆ ಐಎಚ್‌ಡಿ, ಅದಕ್ಕೂ ಹಳೆಯವಕ್ಕೆ ಐ965.

ಚಿಪ್‌ಗೆ ಸಾಮರ್ಥ್ಯವಿದ್ದೂ ಪಟ್ಟಿಯಲ್ಲಿ ಎಚ್.264 ಕಾಣದಿರುವುದಕ್ಕೆ ತಂತ್ರಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕಾರಣವೂ ಇದೆ. ಎಚ್.264 ಮತ್ತು ಎಚ್‌ಇವಿಸಿಗಳ ಮೇಲಿನ ಪೇಟೆಂಟ್‌ಗಳ ಕಾರಣದಿಂದ ಫೆಡೋರಾ ಎಂಬ ಲಿನಕ್ಸ್ ವಿತರಣೆ 2022ರಲ್ಲಿ ತನ್ನ ಮೆಸಾ ಪ್ಯಾಕೇಜ್‌ನಿಂದ ಅವುಗಳ ಬೆಂಬಲವನ್ನು ತೆಗೆದುಹಾಕಿತು. ಎಎಂಡಿ ಚಿಪ್ ಇರುವ ಫೆಡೋರಾ ಬಳಕೆದಾರರು ಆರ್‌ಪಿಎಂ ಫ್ಯೂಷನ್ ಭಂಡಾರದಿಂದ ಬದಲಿ ಪ್ಯಾಕೇಜ್ ಹಾಕಿಕೊಳ್ಳಬೇಕಾಗಿ ಬಂದದ್ದು ಹೀಗೆ. ಹಣ ಕೊಟ್ಟು ಕೊಂಡ ಸಿಲಿಕಾನ್‌ನಲ್ಲಿರುವ ಸೌಲಭ್ಯವು ಕಾನೂನಿನ ಅಂಜಿಕೆಯಿಂದ ಮುಚ್ಚಿಹೋಗುವುದು ನನಗೆ ನೋವಿನ ಸಂಗತಿ, ಆದರೂ ಫೆಡೋರಾವನ್ನು ದೂರಲಾರೆ.

ಮುಂದಿನ ಕೊಂಡಿ ಬ್ರೌಸರ್. ಫೈರ್‌ಫಾಕ್ಸ್ ಲಿನಕ್ಸ್‌ನಲ್ಲಿ ಇಂಟೆಲ್ ಚಿಪ್‌ಗಳಿಗೆ ಈ ಸೌಲಭ್ಯವನ್ನು ತಾನಾಗಿ ಬಳಸತೊಡಗಿದ್ದು 2023ರಲ್ಲಿ ಬಂದ 115ನೇ ಆವೃತ್ತಿಯಿಂದ, ಎಎಂಡಿಗೆ 2025ರ 136ನೇ ಆವೃತ್ತಿಯಿಂದ. ಬಿಡಿಸಿದ ಚಿತ್ರ ಗ್ರಾಫಿಕ್ಸ್ ಬಳಿಯೇ ಉಳಿದು ನೇರವಾಗಿ ಪರದೆಗೆ ಹೋಗುವುದೂ ಮುಖ್ಯ: 1920×1080 ಅಳತೆಯ ಒಂದು ಚಿತ್ರ ಸುಮಾರು 3.1 ಎಂಬಿ ಆಗುವುದರಿಂದ, ಸೆಕೆಂಡಿಗೆ 60 ಚಿತ್ರಗಳನ್ನು ಸಿಪಿಯು ಕಡೆಗೆ ನಕಲು ಮಾಡುತ್ತ ಹೋದರೆ ಸುಮಾರು 187 ಎಂಬಿಯ ಸಾಗಾಟವಾಗಿ, ಉಳಿಸಿದ ಶ್ರಮದ ಒಂದು ಪಾಲು ಅಲ್ಲಿಯೇ ಕರಗುತ್ತದೆ. ಡಿಎಂಎ-ಬಫ್ ಎಂಬ ಕರ್ನಲ್ ಏರ್ಪಾಡು ಇರುವುದು ಈ ನಕಲನ್ನು ತಪ್ಪಿಸುವುದಕ್ಕೆ.

ನಿಮಗೆ ನನ್ನ ಸಲಹೆ ಇಷ್ಟೇ: ಯೂಟ್ಯೂಬ್‌ನಿಂದ ಎಚ್.264 ರೂಪವನ್ನೇ ಕೇಳಿ ಪಡೆಯುವ ಎಚ್264ಇಫೈ ಎಂಬ ಬ್ರೌಸರ್ ವಿಸ್ತರಣೆಯನ್ನು ಹಾಕಿಕೊಳ್ಳಿ. ಆ ರೂಪ 1080 ಸಾಲುಗಳನ್ನು ಮೀರಿ ಸಿಗುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನ ಪರದೆ ಅದಕ್ಕಿಂತ ದೊಡ್ಡದಲ್ಲದಿದ್ದರೆ ನಷ್ಟವೇನೂ ಇಲ್ಲ. ಬಳಿಕ ಇಂಟೆಲ್-ಜಿಪಿಯು-ಟಾಪ್ (intel_gpu_top) ಎಂಬ ಪರಿಕರವನ್ನು ತೆರೆದಿಟ್ಟು ವಿಡಿಯೊ ಓಡಿಸಿ. ಅದರಲ್ಲಿ ಬಳಕೆಯ ಪ್ರಮಾಣವನ್ನು ತೋರಿಸುವ ರೆಂಡರ್ ಮತ್ತು ವಿಡಿಯೊ ಎಂಬ ಎರಡು ಬೇರೆ ಪಟ್ಟಿಗಳಿರುತ್ತವೆ. ಇಷ್ಟು ದಿನ ಸೊನ್ನೆಯಲ್ಲಿದ್ದ ವಿಡಿಯೊ ಪಟ್ಟಿ ಈಗ ಮೇಲೇಳಬೇಕು.